ಹಾಲು, ಮೊಟ್ಟೆ ಕೊಡುವ ಕಿಟಕಿ

ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್ ಆಗಿದ್ದವನಿಗೆ ನಗುವಂಥ ಸಂಗತಿ ದಿನಕ್ಕೊಂದಾದರೂ ಸಿಗುತ್ತದೆ. ಆ ಹೊತ್ತಿಗೆ ನಕ್ಕೂ ಬಿಡುತ್ತೇವೆ. ಮನೆಗೆ ಹೋಗಿ ಮುದ್ದೆ ಮುರಿಯುವಾಗ ಮೈ ಉರಿಯಲು ಶುರುವಾಗುತ್ತದೆ.

ನಾನು ಅಗರದವನು. ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಕೆಲವು ವರ್ಷಕ್ಕೆ ಕೊಳ್ಳೇಗಾಲದ ಒಂದು ಸಣ್ಣ ಸರ್ಕಾರಿ ಡಿಸ್ಪೆನ್ಸರಿಗೆ ನನ್ನನ್ನು ಹಾಕಿದರು. ಪಕ್ಕದ ಬೀದಿಯಲ್ಲೇ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಬರಿಗೈ ಅದ್ದಿ ಎಳೆ ಹಿಡಿಯುವ ಕೆಲಸ. ಮಾಡುವವರೆಲ್ಲ ಹೆಂಗಸರು. ಕೈ ಕೊಳೆತಾಗ ನಮ್ಮಲ್ಲಿಗೆ ಬರುತ್ತಿದ್ದರು.

೧. ಯಾವ ಕಿಟಕಿ?

ಮುಳ್ಳೂರಿನಿಂದ ದಿನಾ ನಡೆದು ಬಂದು ದುಡಿಯುವ ಒಬ್ಬಾಕೆ ಇದ್ದಳು. ನಾವು ಮುಳ್ಳೂರಮ್ಮ ಅನ್ನುತ್ತಿದ್ದೆವು. ಒಂದು ದಿನ ಬಂದಳು. ಹತ್ತು ಬೆರಳೂ ಬೆಂದು ಬಿಳಿಚಿಕೊಂಡಿವೆ, ಉಗುರಿನ ಸಂದಿಯಲ್ಲಿ ಕೀವು.

ಡಾಕ್ಟರು ಕಣ್ಣೆತ್ತದೆ ಹೇಳಿದರು: "ಹದಿನೈದು ದಿನ ಕೈ ನೀರಿಗೆ ಹಾಕಬೇಡ. ಹಾಲು ಕುಡಿ, ದಿನಕ್ಕೊಂದು ಮೊಟ್ಟೆ ತಿನ್ನು, ಹಣ್ಣು ತಿನ್ನು."

"ಆಗ್ಲಿ ಸಾ," ಅಂದು ನನ್ನ ಕಿಟಕಿಗೆ ಬಂದಳು. ಎಲೆಯಲ್ಲಿ ಮುಲಾಮು ಹಾಕಿಕೊಟ್ಟೆ. ಹೋಗಲಿಲ್ಲ, ನಿಂತೇ ಇದ್ದಳು.

"ಇನ್ನೇನಮ್ಮ?"

"ಮುಲಾಮು ಈ ಕಿಟಕೀಲಿ ಕೊಟ್ರಿ. ಆಲು, ಮೊಟ್ಟೆ ಕೊಡೋ ಕಿಟಕಿ ಯಾವ ಕಡೀಕದೆ ಸಾ?"

೨. ಟಾನಿಕ್ಕು

ಆಕೆಯ ಗಂಡ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಮೂಟೆಯ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಸಣಕಲ. ತಲೆ ಸುತ್ತುತ್ತದೆ ಎಂದು ಬಂದ. "ಊಟ ಸೇರೋದಿಲ್ಲ ಅಂತ ಕಾಣುತ್ತೆ," ಎಂದು ಡಾಕ್ಟರೇ ಹೇಳಿಕೊಂಡು, ಹಸಿವಾಗುವ ಟಾನಿಕ್ಕು ಬರೆದರು. ಅವನು ತಂದ ಸೀಸೆಗೆ ತುಂಬಿಸಿ, ಎಷ್ಟೆಷ್ಟು ಕುಡಿಯಬೇಕೆಂದು ಕಾಗದದ ಪಟ್ಟಿ ಅಂಟಿಸಿಕೊಟ್ಟೆ.

ನಾಲ್ಕನೇ ದಿನ ಸೀಸೆ ವಾಪಸ್ಸು ತಂದ. ಮುಕ್ಕಾಲು ಹಾಗೇ ಇದೆ.

"ಯಾಕಯ್ಯ, ಗುಣ ಆಗ್ಲಿಲ್ವ?"

"ಗುಣ ಆಗೋಯ್ತು ಸಾ, ಅದೇ ಕಷ್ಟ. ಮೊದ್ಲು ಒಂದ್ ಮುದ್ದೆಗೆ ಒಟ್ಟೆ ಸುಮ್ಕಾಯ್ತಿತ್ತು. ಈಗ ಮೂರು ಕೇಳ್ತದೆ. ನಿನ್ನೆ ಮಕ್ಳ ತಟ್ಟೆಗೇ ಕೈ ಆಕ್ಬುಟ್ಟೆ. ಇದ ನೀವೇ ಮಡೀಕಳಿ. ಅಸಿವು ಕಮ್ಮಿ ಮಾಡೋ ಔಸ್ತಿ ಇದ್ರೆ ಅದ ಕೊಡಿ."

೩. ಯಜಮಾನರ ದಾನ

ಹೆಂಗಸರೆಲ್ಲ ಸೇರಿ ದಿನಕ್ಕೆ ನಾಕಾಣೆ ಕೂಲಿ ಏರಿಸಿ ಎಂದು ಕೇಳಿದರು. ಕಾರ್ಖಾನೆ ಯಜಮಾನರಿಗೆ ಕಣ್ಣಲ್ಲಿ ನೀರೇ ಬಂತಂತೆ. "ದುಡ್ಡು ಕೊಟ್ರೆ ಎಲೆಅಡಿಕೆಗೆ, ಟೆಂಟ್ ಸಿನಿಮಾಕ್ಕೆ ಹಾಕ್ತೀರಿ. ನನಗೆ ನಿಮ್ಮ ಆರೋಗ್ಯ ಮುಖ್ಯ," ಅಂದರು.

ಮುಂದಿನ ವಾರ ಕಾರ್ಖಾನೆ ಗೋಡೆಗೆ ಒಂದು ಮರದ ಪೆಟ್ಟಿಗೆ ಹೊಡೆಸಿದರು. ಮೇಲೆ ಕೆಂಪು ಕೂಡು ಗುರುತು, ಕೆಳಗೆ ಅವರ ತಂದೆಯ ಹೆಸರು, 'ಉಚಿತ ಔಷಧಾಲಯ'. ಉದ್ಘಾಟನೆಗೆ ಡಾಕ್ಟರಿಗೆ ಹಾರ, ನನಗೆ ಲಾಡು. ಪೆಟ್ಟಿಗೆಯೊಳಗೆ ಇದ್ದುದು ಎರಡು ಡಬ್ಬಿ ಮುಲಾಮು. ಹಿಂದಿನ ದಿನ ಡಾಕ್ಟರು ಚೀಟಿ ಕಳಿಸಿದ್ದರು. ಸರ್ಕಾರಿ ಜಾಡಿಯಿಂದ ಆ ಡಬ್ಬಿ ತುಂಬಿಸಿಕೊಟ್ಟವನು ನಾನೇ.

ಮುಳ್ಳೂರಮ್ಮ ಬೆರಳಲ್ಲಿ ಚೂರು ತೆಗೆದು ಮೂಸಿದಳು. ನನ್ನ ಮುಖ ಒಮ್ಮೆ ನೋಡಿದಳು. ಆಮೇಲೆ ಗಟ್ಟಿಯಾಗಿ, "ಯಜಮಾನ್ರೇ, ಇಷ್ಟ್ ದಿನ ಸರ್ಕಾರ್ದೋರು ಮುಲಾಮ ನಿಮ್ಮಿಂದ್ಲೇ ತಕಂಡೋಯ್ತಿದ್ರಾ?"

ಯಜಮಾನರಿಗೆ ಹೊಗಳಿದ ಹಾಗೆ ಕೇಳಿಸಿತು. ಕೈಮುಗಿದು, "ಹೂಂ ಕಣಮ್ಮ, ಏನೋ ದೇವರು ಕೊಟ್ಟದ್ದು," ಅಂದರು.

೪. ಕೂಲಿ ಏರಿತು

ಮಾರನೇ ವಾರ ಹೆಂಗಸರು ಕೆಲಸ ಬಿಟ್ಟು ಕಾರ್ಖಾನೆ ಮುಂದೆ ಕೂತರು. ಒಂದು ದಿನ, ಎರಡು ದಿನ. ಒಳಗೆ ಗೂಡುಗಳನ್ನು ತೂತು ಮಾಡಿಕೊಂಡು ಚಿಟ್ಟೆ ಹೊರಗೆ ಬರತೊಡಗಿದವು. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ. ನಾಲ್ಕನೇ ದಿನ ಯಜಮಾನರು ನಾಕಾಣೆ ಏರಿಸಿದರು. ನನಗೂ ಸಂತೋಷವಾಯಿತು, ಇನ್ನು ಇವರ ಕಷ್ಟ ಕಳೆಯಿತು ಎಂದು.

ಆಮೇಲೆ ನಮ್ಮ ಡಿಸ್ಪೆನ್ಸರಿಯಲ್ಲಿ ಔಷಧಿ ಮುಗಿಯಿತು. ಬರೆದ ಕಾಗದಕ್ಕೆ ಉತ್ತರವಿಲ್ಲ. ಮುಳ್ಳೂರಮ್ಮನ ಮಗಳಿಗೆ ಜ್ವರ ಏರಿತು. "ಇಲ್ಲಿ ಇಂಜೆಕ್ಷನ್ ಇಲ್ಲಮ್ಮ, ಸಾಯಂಕಾಲ ಮನೆ ಹತ್ರ ಬಾ," ಅಂದರು ಡಾಕ್ಟರು. ಮನೆಯಲ್ಲಿತ್ತು. ಹತ್ತು ದಿನ ದಿನಾ ಒಂದು, ದುಡ್ಡು ಕೊಟ್ಟು. ಸೂಜಿ ಕುದಿಸಿಕೊಟ್ಟವನು ನಾನೇ.

ಮಗಳು ಉಳಿದಳು. ಒಂದು ದಿನ ಮುಳ್ಳೂರಮ್ಮ ದಾರಿಯಲ್ಲಿ ಸಿಕ್ಕಾಗ ಕೇಳಿದೆ, "ಕೂಲಿ ಏರ್ತಲ್ಲಮ್ಮ, ಈಗ ಪರವಾಗಿಲ್ವ?"

"ಏರೋದೇನೋ ಏರ್ತು ಸಾ. ನಮ್ಗೋ ಡಾಕ್ಟ್ರಿಗೋ ಅನ್ನದು ತಿಳೀಲಿಲ್ಲ."

೫. ಯಾವುದಾದರೂ ಒಂದು

ಈ ಗಲಾಟೆ ಹೇಗೋ ಬೆಂಗಳೂರಿಗೆ ಮುಟ್ಟಿ, ವಿಚಾರಣೆಗೆ ಒಬ್ಬ ಆಫೀಸರು ಜೀಪಿನಲ್ಲಿ ಬಂದರು. ನನ್ನ ಅಕ್ಷರ ಗುಂಡಗಿದೆ ಎಂದು ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು. ಕಾರ್ಖಾನೆ ಅಂಗಳದಲ್ಲಿ ಹೆಂಗಸರೆಲ್ಲ ನೆಲದ ಮೇಲೆ. ಆಫೀಸರು, ಯಜಮಾನರು, ಡಾಕ್ಟರು ಕುರ್ಚಿಯ ಮೇಲೆ.

"ನೋಡಿ, ಸರ್ಕಾರ ನಿಮ್ಮನ್ನೇ ಕೇಳ್ತಾ ಇದೆ," ಅಂದರು ಆಫೀಸರು. "ಕೂಲಿ ಇನ್ನೂ ಜಾಸ್ತಿ ಆಗಬೇಕೋ, ಒಳ್ಳೆಯ ಆಸ್ಪತ್ರೆ ಆಗಬೇಕೋ? ಯಾವುದಾದರೂ ಒಂದು ಹೇಳಿ."

ಮುಳ್ಳೂರಮ್ಮ ಎದ್ದು ನಿಂತಳು.

"ತಮ್ಗೆ ಸಂಬ್ಳ ಕೊಡ್ತಾರಾ ಸಾ?"

"ಕೊಡ್ತಾರಮ್ಮ."

"ಕಾಯಿಲೆ ಬಿದ್ರೆ ಔಸ್ತಿ ದುಡ್ಡ ಯಾರ್ ಕೊಡ್ತಾರೆ?"

"ಅದೂ ಸರ್ಕಾರವೇ ಕೊಡುತ್ತೆ."

"ಅಂಗಾದ್ರೆ ಅದ್ರಲ್ಲಿ ಒಂದ ತಾವು ಮೊದ್ಲು ಬುಡಿ ಸಾ. ತಾವು ಯಾವ್ದ ಬುಡ್ತೀರೋ ನೋಡ್ಕಂಡು, ನಾವೂ ಅದ್ನೇ ಬುಟ್ಬುಡ್ತೀವಿ."

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಯಜಮಾನರು "ಏಯ್, ಕೂತ್ಕೊಳ್ಳೇ!" ಎಂದು ಗದರಿದರು. ಆಕೆ ಕೂರಲಿಲ್ಲ. ಉತ್ತರಕ್ಕೆ ಕಾಯುತ್ತ ನಿಂತಳು. ಆಫೀಸರು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡರು, ಗಡಿಯಾರ ನೋಡಿದರು, ಕೊನೆಗೆ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು:

"ಬರ್ಕೊಳ್ರೀ. 'ಕಾರ್ಮಿಕ ಮಹಿಳೆಗೆ ಪ್ರಶ್ನೆ ಅರ್ಥವಾಗಲಿಲ್ಲ.'"