ಬೆನ್ನ ಹಿಂದಿನಿಂದ ಬಂದ ವಿಮಾನದ ಚಾಲಕರಿಗೆ

ಮಾನ್ಯ ವೈಮಾನಿಕರೇ,

ನೆಲದ ಮೇಲಿರುವ ನಾನು ಆಕಾಶದಲ್ಲಿರುವ ತಮಗೆ ಕತ್ತೆತ್ತಿ ಸಲ್ಲಿಸುವ ನಮಸ್ಕಾರಗಳು. ಈ ಸಲದ ದಸರೆಯಲ್ಲಿ ಬನ್ನಿಮಂಟಪದ ಮೈದಾನದ ಮೇಲೆ ನಡೆದ ವಿಮಾನ ಪ್ರದರ್ಶನದಲ್ಲಿ, ಎಲ್ಲರೂ ಮರ್ಯಾದೆಯಾಗಿ ಮುಂದಿನಿಂದ ಬಂದರೆ ತಾವೊಬ್ಬರು ಮಾತ್ರ ಹೇಳದೆ ಕೇಳದೆ ನಮ್ಮ ಬೆನ್ನ ಹಿಂದಿನಿಂದ ಬಂದು ತಲೆ ಸವರಿಕೊಂಡು ಹೋದಿರಲ್ಲ, ಈ ಪತ್ರ ತಮಗೆ. ಹೆಸರು ತಿಳಿಯದು, ಕ್ಷಮಿಸಬೇಕು. ಧ್ವನಿವರ್ಧಕದಲ್ಲಿ ಹೇಳಿದರು, ಆದರೆ ಆಗ ತಮ್ಮದೇ ಸದ್ದು.

ನಾನು ದಟ್ಟಗಳ್ಳಿಯ ಅನಂತಪದ್ಮನಾಭ, ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುವವನು. ಪಕ್ಕದ ಮನೆ ಆಟೊ ಬಿಡಿಭಾಗಗಳ ಅಂಗಡಿಯ ಮಂಟೇಸ್ವಾಮಿಯವರದು. ಹೋದ ವರ್ಷದ ಯುಗಾದಿಯ ಬೆಳಗ್ಗೆ ನಮ್ಮ ಟ್ಯಾಂಕ್ ತುಂಬಿ ಹರಿದು, ಅವರ ಮನೆಯಾಕೆ ಬಸವಮ್ಮನವರು ಬಿಡಿಸಿದ್ದ ರಂಗೋಲಿಯೆಲ್ಲ ಚರಂಡಿ ಸೇರಿತು. "ನೀರಿನ ಬೆಲೆ ಗೊತ್ತಿಲ್ದೋರು" ಎಂದರು ಅವರು. "ಮನೆ ಮುಂದೆ ಹಾಕೋದು ಬಿಟ್ಟು ರಸ್ತೆ ತುಂಬ ಹಾಕಿದ್ರೆ ಇನ್ನೇನಾಗತ್ತೆ?" ಎಂದಳು ನನ್ನ ಹೆಂಡತಿ ಸುಂದರಮ್ಮ. ಅಂದಿಗೆ ಎರಡು ಮನೆಗಳ ನಡುವೆ ಮಾತು ನಿಂತಿತು.

ಗಂಡಸರ ನಡುವೆ ಮಾತ್ರ ನಿಲ್ಲಲಿಲ್ಲ. ಭಾನುವಾರ ಬೆಳಗ್ಗೆ ವಾಕಿಂಗ್ ಎಂದು ಹೇಳಿ, ನಾನೊಂದು ದಾರಿ ಅವರೊಂದು ದಾರಿ ಹಿಡಿದು, ನಮ್ಮ ಬಡಾವಣೆಯವರಾರೂ ಸುಳಿಯದ ಒಂಟಿಕೊಪ್ಪಲಿನ ಹೋಟೆಲಿನಲ್ಲಿ ಕೂಡಿ ಸೆಟ್ ದೋಸೆ ತಿನ್ನುತ್ತಿದ್ದೆವು. ಅಷ್ಟು ಸುಖದ ಕಾಲ ನನ್ನ ಸಂಸಾರದಲ್ಲಿ ಹಿಂದೆಂದೂ ಬಂದಿರಲಿಲ್ಲ.

ಹೀಗಿರಲು ಮಂಟೇಸ್ವಾಮಿಯವರಿಗೆ ಈ ವಿಮಾನ ಪ್ರದರ್ಶನದ ನಾಲ್ಕು ಪಾಸ್ ಸಿಕ್ಕವು. ಎರಡನ್ನು ಗುಟ್ಟಾಗಿ ನನಗೆ ಕೊಟ್ಟರು. ಅವುಗಳ ಮೇಲೆ ಕುರ್ಚಿಯ ಸಂಖ್ಯೆ ಇರುತ್ತದೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹೋಗಿ ನೋಡಿದರೆ ನಾಲ್ಕು ಕುರ್ಚಿಗಳೂ ಸಾಲಾಗಿ! ಗಂಡಸರು ಎರಡು ತುದಿಗಳನ್ನು ಹಿಡಿದು ಬಚಾವಾದೆವು. ಹೆಂಗಸರು ನಡುವೆ ಉಳಿದರು. ಒಬ್ಬರು ಚಾಮುಂಡಿ ಬೆಟ್ಟದ ಕಡೆ ಮುಖ ತಿರುಗಿಸಿದರು, ಇನ್ನೊಬ್ಬರು ಅದಕ್ಕೆ ವಿರುದ್ಧ ದಿಕ್ಕಿಗೆ.

ಬಿಸಿಲಿಗೆ ಜನ ತಲೆಯ ಮೇಲೆ ಪೇಪರು ಹೊದ್ದು ಚುರುಮುರಿ ತಿನ್ನುತ್ತ ಗಣ್ಯರಿಗಾಗಿ ಕಾದರು. ಕೊನೆಗೂ ತಮ್ಮ ತಂಡ ಬಂತು. ಧ್ವನಿವರ್ಧಕ ಎಡಕ್ಕೆ ನೋಡಿ ಎಂದಾಗ ವಿಮಾನಗಳು ಬಲಕ್ಕಿದ್ದವು. ಹದ್ದುಗಳು ಊರು ಬಿಟ್ಟವು. ತಾವು ಬಣ್ಣದ ಹೊಗೆಯಲ್ಲಿ ಆಕಾಶಕ್ಕೇ ರಂಗೋಲಿ ಹಾಕಿದಿರಿ. ಅದನ್ನೂ ನಮ್ಮವರಿಬ್ಬರು ಬೇರೆ ಬೇರೆಯಾಗಿಯೇ ಮೆಚ್ಚಿದರು. ಅಲ್ಲಿಗೆ ನಿಲ್ಲಿಸಬಹುದಿತ್ತಲ್ಲವೇ?

ಆಗಲೇ ತಾವು ಹಿಂದಿನಿಂದ ಬಂದದ್ದು. ಎದೆಯೊಳಗೆ ಏನೋ ಸೀಳಿದ ಹಾಗಾಯಿತು. "ಅಯ್ಯೋ ಸಿವ್ನೇ, ತಲೆ ಮ್ಯಾಲೇ ಬಂದ್ಬುಡ್ತು ಕಣಕ್ಕಾ!" ಎಂಬ ಕೂಗು ಕೇಳಿತು. "ಗಟ್ಟಿಯಾಗಿ ಹಿಡ್ಕೊಳ್ರೀ ಬಸವಮ್ಮ, ಬಿಡಬೇಡಿ!" ಎಂದಿತು ಇನ್ನೊಂದು ದನಿ. ಸದ್ದು ಅಡಗಿದ ಮೇಲೆ ನೋಡುತ್ತೇನೆ, ಇಬ್ಬರೂ ಒಬ್ಬರ ಕೈಯನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ತಾಳಿ ಕಟ್ಟಿದ ನಾನು ಈಚೆ ಪಕ್ಕದಲ್ಲೇ ಇದ್ದೆ, ಸ್ವಾಮಿ. ಆಪತ್ತಿನಲ್ಲಿ ನನ್ನ ಹೆಂಡತಿಗೆ ಬೇಕಾದದ್ದು ಶತ್ರುವಿನ ಕೈ. ಇದು ನನಗೆ ನಾಟಿದೆ.

ಕೈ ಬಿಡಲೇ ಇಲ್ಲ. ಮೊದಲು ನಕ್ಕರು. ಆಮೇಲೆ ಸ್ವಲ್ಪ ಅತ್ತರು. ಆಮೇಲೆ ವರ್ಷಕ್ಕೂ ಮಿಕ್ಕಿ ಕೂಡಿಟ್ಟ ಮಾತು ಶುರುವಾಯಿತು.

"ನಮ್ಮನೆಯೋರು ಭಾನುವಾರ ವಾಕಿಂಗು ಅಂತ ಒಂಟಿಕೊಪ್ಪಲ್‌ಗೆ ಓಯ್ತಾರೆ ಕಣಕ್ಕಾ, ಒಟ್ಟೆ ಮಾತ್ರ ಕರಗಾಕಿಲ್ಲ."

"ಒಂಟಿಕೊಪ್ಪಲಿಗಾ? ನಮ್ಮವರೂ ಅಲ್ಲಿಗೇ ಹೋಗೋದು! ಅಲ್ಲಿ ಗಾಳಿ ಚೆನ್ನಾಗಿದೆಯಂತೆ."

ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ, ಮೆಲ್ಲಗೆ ಕತ್ತು ತಿರುಗಿಸಿದರು. ಮಂಟೇಸ್ವಾಮಿಯವರೂ ನಾನೂ ಆಕಾಶ ನೋಡಿದೆವು. ತಮ್ಮ ಅಗತ್ಯ ನಮಗೆ ನಿಜವಾಗಿ ಇದ್ದದ್ದು ಆ ಕ್ಷಣದಲ್ಲಿ. ಅಲ್ಲಿ ಹೊಗೆ ಬಿಟ್ಟರೆ ಏನೂ ಇರಲಿಲ್ಲ.

ಈಗ ಭಾನುವಾರ ಬೆಳಗ್ಗೆ ನನ್ನ ಸ್ಕೂಟರಿನಲ್ಲಿ ಅವರಿಬ್ಬರೂ ಒಂಟಿಕೊಪ್ಪಲಿಗೆ ಹೋಗುತ್ತಾರೆ. ನಾವಿಬ್ಬರೂ ನಮ್ಮ ಅಡುಗೆಮನೆಯಲ್ಲಿ ನಿಂತು, ತಳ ಹಿಡಿದ ಉಪ್ಪಿಟ್ಟನ್ನು ಕೆರೆಯುತ್ತೇವೆ. ದೇಶವನ್ನು ತಾವು ಚೆನ್ನಾಗಿ ಕಾಯುತ್ತೀರಿ, ಅದರಲ್ಲಿ ಎರಡು ಮಾತಿಲ್ಲ. ಇಂಥ ಗಟ್ಟಿ ಗಡಿಯನ್ನು ಒಂದೇ ಹಾರಾಟಕ್ಕೆ ಅಳಿಸಿದವರು ಬೇರೆ ಯಾರಿದ್ದಾರೆ? ಆದ್ದರಿಂದ ಮುಂದಿನ ಸಲ ದಯವಿಟ್ಟು ಸದ್ದಿಲ್ಲದೆ, ಸಾಧ್ಯವಾದರೆ ನೆಲದ ಮೇಲೆ ಹಾರಬೇಕಾಗಿ ಕೋರಿಕೆ. ಇಲ್ಲವೇ ಒಂದು ಭಾನುವಾರ ಬಂದು ನಮ್ಮ ಉಪ್ಪಿಟ್ಟಿನ ರುಚಿ ನೋಡಬೇಕು.

ಇಂತಿ, ಇನ್ನೂ ಕಿವಿ ಗುಂಯ್‌ಗುಡುತ್ತಿರುವ
ತಮ್ಮ ವಿಶ್ವಾಸಿ,
ಅನಂತಪದ್ಮನಾಭ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಪತ್ರ ಓದಿದೆ. ವಿಮಾನ ಬಹಳ ಚೆನ್ನಾಗಿತ್ತು. ಇವರು ಬರೆಯದೆ ಬಿಟ್ಟದ್ದೊಂದಿದೆ: ನೀವು ಬಂದಾಗ ಇವರು ಕುರ್ಚಿಯ ಕೆಳಗಿದ್ದರು. ಹಿಡಿಯೋಣವೆಂದರೆ ಕೈ ಎಲ್ಲಿತ್ತು? — ಸುಂದರಮ್ಮ