ಒತ್ತಿದ ಬ್ರೇಕ್ ಪೆಡಲಿನಿಂದ ಕಾಲೆತ್ತುವ ಬಗ್ಗೆ

ಗೃಹ ಬ್ರೇಕ್ ಬದಲಾವಣಾ ಇಲಾಖೆ, ಪೆಡಲ್ ವಿಭಾಗ
(ತಾತ್ಕಾಲಿಕ ಕಚೇರಿ: ಗೇಟಿನ ಪಕ್ಕದ ಕಲ್ಲುಬೆಂಚು)

ಸಂಖ್ಯೆ: ಗೃಬ್ರೇ/ಪೆಡಲ್/ಬಲಗಾಲು/ಮರುನೇಮಕ
ದಿನಾಂಕ: ಇದೇ ಭಾನುವಾರ, ಊಟಕ್ಕೆ ಇನ್ನೂ ಯಾರೂ ಕರೆದಿಲ್ಲ

ಸುತ್ತೋಲೆ

ವಿಷಯ: ಮನೆಯಲ್ಲೇ ಕಾರಿನ ಹಳೆಯ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಅಳವಡಿಸುವಾಗ ಪೆಡಲ್ ಒತ್ತುವವರ ನಡತೆ, ಹಕ್ಕು ಹಾಗೂ ಮರುನೇಮಕ.

ಉಲ್ಲೇಖ: 1. ಹೆಂಡತಿಯವರ ಮೌಖಿಕ ಆದೇಶ: "ಇಳೀರಿ ಕೆಳಗೆ."
2. ಅದೇ ಆದೇಶ, ಬೀದಿಗೆಲ್ಲ ಕೇಳಿಸುವಂತೆ.

ಪ್ರಸ್ತಾವನೆ:
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹೆಂಡತಿಯವರು ಕಾರನ್ನು ಜಾಕ್ ಮೇಲೆ ನಿಲ್ಲಿಸಿ, ಹೊಸ ಬ್ರೇಕ್‌ಗಳನ್ನು ಸ್ವತಃ ಕೂರಿಸಿರುತ್ತಾರೆ. ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು ಹೊರಹಾಕದೆ ಬ್ರೇಕ್ ಹಿಡಿಯುವುದಿಲ್ಲವಾದ್ದರಿಂದ ಇಬ್ಬರ ಅಗತ್ಯವಿರುತ್ತದೆ. ಅಡಿಯಲ್ಲಿ ಮಲಗಿದವರು "ಒತ್ತಿ" ಎಂದಾಗ ಸೀಟಿನಲ್ಲಿರುವವರು ಪೆಡಲ್ ಒತ್ತತಕ್ಕದ್ದು. ಅಡಿಯವರು ಚಿಕ್ಕ ನಟ್ಟೊಂದನ್ನು ಸಡಿಲಿಸಿ, ಗಾಳಿ ಬಿಟ್ಟು, ಪುನಃ ಬಿಗಿಯುವವರೆಗೆ ಕಾಲು ಎತ್ತತಕ್ಕದ್ದಲ್ಲ. ಎತ್ತಿದಲ್ಲಿ ಹೋದ ಗಾಳಿ ವಾಪಸ್ ಬರುತ್ತದೆ.

ಸದರಿ ಕರ್ತವ್ಯವನ್ನು ಅವರ ಗಂಡನಾದ, ಈ ಕೆಳಗೆ ಸಹಿ ಮಾಡಿರುವ ಗುಮಾಸ್ತರಿಗೆ ವಹಿಸಲಾಗಿತ್ತು. ಕೊನೆಯ ಚಕ್ರದ ನಟ್ಟು ಸಡಿಲವಿದ್ದ ಸಮಯದಲ್ಲಿ ಗುಮಾಸ್ತರ ಕಚೇರಿಯ ಸಾಹೇಬರು ತರಕಾರಿ ಚೀಲದೊಂದಿಗೆ ಬೀದಿಯಲ್ಲಿ ಹಾದುಹೋದರು. ಸೇವಾಭ್ಯಾಸದಂತೆ ಗುಮಾಸ್ತರು ಎದ್ದು ನಿಂತರು. ಕಾಲೂ ಜೊತೆಗೇ ಎದ್ದಿತು. ಬೆಳಗಿನಿಂದ ಹೊರಹಾಕಿದ ಗಾಳಿ ಒಳಗೆ ಹೋಯಿತು. ತಲೆ ಕಾರಿನ ಚಾವಣಿಗೆ ಬಡಿದದ್ದನ್ನು ಯಾರೂ ವಿಚಾರಿಸಲಿಲ್ಲ. ಗುಮಾಸ್ತರನ್ನು ಕೂಡಲೇ ಕೆಳಗಿಳಿಸಿ, ಅವರ ಜಾಗಕ್ಕೆ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರನ್ನು ನೇಮಿಸಲಾಗಿದೆ. ಇದರಿಂದ ಈ ಕಚೇರಿಗೆ ತುಂಬ ಬೇಸರವಾಗಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ನಟ್ಟು ಸಡಿಲವಿರುವಾಗ ಪೆಡಲ್ ಸಿಬ್ಬಂದಿ ಯಾರಿಗೂ ಎದ್ದು ನಿಲ್ಲತಕ್ಕದ್ದಲ್ಲ. ಗೌರವವನ್ನು ಹುಬ್ಬಿನ ಮೂಲಕ ಸಲ್ಲಿಸತಕ್ಕದ್ದು. ಸಹೋದ್ಯೋಗಿಗಳಿಗೆ ಒಂದು ಹುಬ್ಬು, ಸಾಹೇಬರಿಗೆ ಎರಡೂ.

2. ಭಾನುವಾರಗಳಂದು ಮೇಲಧಿಕಾರಿಗಳು ಸದರಿ ಬೀದಿಯಲ್ಲಿ ಕಾರಿನ ಕಿಟಕಿಗಿಂತ ಕೆಳಗೆ ಬಗ್ಗಿ ನಡೆಯತಕ್ಕದ್ದು. ಸೊಂಟ ನೋವಿರುವವರು ತರಕಾರಿ ಚೀಲದಿಂದ ಮುಖ ಮುಚ್ಚಿಕೊಂಡಲ್ಲಿ ವಿನಾಯಿತಿ ನೀಡಲಾಗುವುದು. ಚೀಲದೊಳಗಿಂದ "ಏನ್ರೀ, ರಜಾನಾ?" ಎಂದು ಕೇಳುವುದನ್ನು ನಿಷೇಧಿಸಲಾಗಿದೆ.

3. ಅಡಿಯಲ್ಲಿರುವವರು "ಹಿಡ್ಕೊಳ್ಳಿ" ಎಂದು ಹೇಳಿ ತೆಪ್ಪಗಾಗತಕ್ಕದ್ದಲ್ಲ. "ಆಯ್ತಾ?" ಎಂದು ಅಗತ್ಯವಿದ್ದಷ್ಟು ಸಲ ಕೇಳುವ ಹಕ್ಕು ಪೆಡಲ್ ಸಿಬ್ಬಂದಿಗೆ ಇರುತ್ತದೆ. ಅಗತ್ಯವೆಷ್ಟೆಂಬುದನ್ನು ಅವರೇ ತೀರ್ಮಾನಿಸತಕ್ಕದ್ದು. ಇದಕ್ಕೆ ಉತ್ತರವಾಗಿ ಸ್ಪ್ಯಾನರಿನಿಂದ ಕಾರಿನ ತಳ ಕುಟ್ಟುವುದು ಶಿಸ್ತಿನ ಉಲ್ಲಂಘನೆ.

4. ಹೆಂಡತಿಯವರ ತಾಯಿ, ಅಂದರೆ ಅತ್ತೆಯವರು, ಸುತ್ತಾಡಿಸಿಕೊಂಡು ಬರುತ್ತೇವೆಂಬ ಭರವಸೆಯ ಮೇರೆಗೆ ಬೆಳಿಗ್ಗೆಯೇ ಸಿದ್ಧರಾಗಿ ಹಿಂದಿನ ಸೀಟಿನಲ್ಲಿ ಕುಳಿತಿದ್ದು, ಇಳಿಯಲು ಒಪ್ಪುತ್ತಿಲ್ಲ. ಚಕ್ರಗಳಿಲ್ಲದಿರುವ ಸಂಗತಿಯನ್ನು ಅವರ ಗಮನಕ್ಕೆ ತರತಕ್ಕದ್ದಲ್ಲ. "ಎಲ್ಲೀವರೆಗೆ ಬಂದ್ವಿ?" ಎಂದು ಕೇಳಿದಲ್ಲಿ "ಅರ್ಧ ದಾರಿ ಆಯ್ತು" ಎನ್ನತಕ್ಕದ್ದು. "ಆಗಿಂದ ಅದೇ ಬಟ್ಟೆ ಹಗ್ಗ ಕಾಣ್ತಿದೆಯಲ್ಲೋ" ಎಂಬ ಅವರ ದೂರನ್ನು ಸ್ವೀಕರಿಸಿ, ಹಗ್ಗದ ಮೇಲಿನ ಬಟ್ಟೆಗಳನ್ನು ಆಗಾಗ್ಗೆ ಬದಲಿಸಲು ಕ್ರಮ ಕೈಗೊಳ್ಳಲಾಗಿದೆ.

5. ಸಂಸಾರದ ಬ್ರೇಕಿನಲ್ಲಿ ಪರರು ಕಾಲಿಡುವುದು ನಿಯಮಬಾಹಿರ. ಸೀಟಿ ಊದಿ ಒತ್ತುವುದು, ಒತ್ತಿದ ನಂತರ ಸೆಲ್ಯೂಟ್ ಹೊಡೆಯುವುದು, ಕಾಲು ಮಡಿಚಿ "ಇದು ಕಾಲು ಕಣಮ್ಮ" ಎಂದು ಪ್ರದರ್ಶಿಸುವುದು ಮಾಸ್ತರಿಗೆ ಶೋಭಿಸುವುದಿಲ್ಲ. ಹಾಗೆಯೇ "ಎಷ್ಟು ಚೆನ್ನಾಗಿ ಒತ್ತುತ್ತೀರಿ ಮಾಸ್ತರೇ!" ಎಂಬ ಹೆಂಡತಿಯವರ ಪ್ರಶಂಸೆ ಕಲ್ಲುಬೆಂಚಿನವರೆಗೂ ಕೇಳಿಸಿರುತ್ತದೆ. ಮದುವೆಯಾದಂದಿನಿಂದ ಈ ಕಚೇರಿಗೆ ಅಂಥ ಪ್ರಶಂಸೆ ಒಂದೂ ಬಂದಿಲ್ಲವೆಂದು ದಾಖಲಿಸಲಾಗಿದೆ.

6. ಹೊಸ ಬ್ರೇಕಿನ ಮೊದಲ ಓಡಾಟದಲ್ಲಿ ಮುಂದಿನ ಸೀಟು ಗಂಡನಿಗೇ ಮೀಸಲು. ಮಾಸ್ತರು ಬರಲೇಬೇಕೆಂದು ಹಟ ಹಿಡಿದಲ್ಲಿ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕ, ಅವಕಾಶ ಕಲ್ಪಿಸಬಹುದು. ಗುಮಾಸ್ತರನ್ನು ಗೇಟಿನ ಹತ್ತಿರವೇ ಬಿಟ್ಟು ಹೋದಲ್ಲಿ ಅವರಿಗೆ ಅಳು ಬರುವ ಸಂಭವವಿದೆ. ಈ ನಿಯಮದಲ್ಲಿ ತಮಾಷೆ ಇರುವುದಿಲ್ಲ.

7. ಮೇಲ್ಕಂಡ ನಿಯಮಗಳನ್ನು ಉಲ್ಲಂಘಿಸಿದವರು ಅತ್ತೆಯವರನ್ನು ಕಾರಿನಿಂದ ಇಳಿಸುವ ಕೆಲಸಕ್ಕೆ ಹೊಣೆಗಾರರಾಗುತ್ತಾರೆ.

(ಸಹಿ)
ಪೆಡಲ್ ಅಧಿಕಾರಿ (ಅಮಾನತಿನಲ್ಲಿ)
ಹಾಗೂ ಗಂಡ (ಖಾಯಂ)

ಪ್ರತಿಗಳು:
1. ಸಾಹೇಬರಿಗೆ, ಅವಗಾಹನೆಗಾಗಿ. (ಈ ಸಾಲನ್ನು ಎದ್ದು ನಿಂತು ಬರೆಯಲಾಗಿದೆ.)
2. ಡ್ರಿಲ್ ಮಾಸ್ತರಿಗೆ, ಕಾಲು ಹಿಂಪಡೆಯಲು.
3. ಅತ್ತೆಯವರಿಗೆ, ಪ್ರಯಾಣದ ನಡುವೆ ಓದಿಕೊಳ್ಳಲು.
4. ಹೆಂಡತಿಯವರಿಗೆ, ಕಾರಿನ ಅಡಿ, ಒಂದು ಲೋಟ ಚಹಾದೊಂದಿಗೆ. ಲೋಟ ಖಾಲಿಯಾಗಿ, ಈ ಪ್ರತಿ ಗ್ರೀಸಿನ ಬೆರಳಚ್ಚು ಸಹಿತ ಈ ಕೆಳಗಿನ ಹಿಂಬರಹದೊಂದಿಗೆ ವಾಪಸಾಗಿದೆ: "ಗಾಳಿ ಪೂರ್ತಿ ಹೋಯ್ತು, ಬ್ರೇಕ್ ಚೆನ್ನಾಗಿ ಹಿಡೀತಿದೆ. ಮಾಸ್ತರನ್ನ ಮನೆಗೆ ಕಳಿಸಿದೀನಿ. ಚಕ್ರ ಹಾಕೋಕೆ ಬನ್ನಿ. ಮೊದಲನೇ ಸುತ್ತು ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂತಿರ್ತೀನಿ. ದಾರೀಲಿ ಸಾಹೇಬ್ರು ಅಡ್ಡ ಬಂದ್ರೆ ಮಾತ್ರ ಎದ್ದು ನಿಲ್ಬೇಡಿ, ಬ್ರೇಕ್ ಒತ್ತಿ."