ಚಿಕ್ಕಪ್ಪನ ಪೋರ್ಚುಗೀಸ್ ಹಡಗು

ನಮ್ಮ ಚಿಕ್ಕಪ್ಪ ಸ್ವಂತ ಮನೆಯಲ್ಲೇ ಪೋರ್ಚುಗೀಸರ ಬಾಡಿಗೆದಾರ! ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಮನೆಯನ್ನೇನೋ ಕೊಂಡರು. ಆದರೆ ಚಿಕ್ಕಪ್ಪನ ಪ್ರಕಾರ ಅಲಮಾರಿ ಪೋರ್ಚುಗೀಸರದು, ಚಾವಿ ಅವರದು, ಇಸ್ತ್ರಿಯೂ ಅವರದೇ. ಯಾಕೆಂದರೆ ಆ ಹೆಸರುಗಳೆಲ್ಲ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದವಂತೆ!

ಒಮ್ಮೆ ಎಲ್ಲರೂ ಮದುವೆಗೆ ಹೊರಟಿದ್ದೆವು. "ರೀ, ಅಲಮಾರಿ ಚಾವಿ ಎಲ್ರೀ?" ಅಂದರು ಚಿಕ್ಕಮ್ಮ. ಕೇಳಬಾರದಿತ್ತು!

"ನೋಡೇ, ಅಲಮಾರಿ ಅಂದ್ರೆ ಪೋರ್ಚುಗೀಸರ 'ಅರ್ಮಾರಿಯು'. ಚಾವಿ ಅನ್ನೋದು..."

"ಅಯ್ಯೋ ನಿಮ್ಮ ಪುರಾಣಕ್ಕಿಷ್ಟು! ನನ್ನ ರೇಷ್ಮೆ ಸೀರೆ ಒಳಗಿದೆ!"

ಪುರಾಣ ಮುಗಿದಮೇಲೆ ನೋಡಿದರೆ ಚಾವಿ ಚಿಕ್ಕಪ್ಪನ ಜೇಬಿನಲ್ಲೇ ಇತ್ತು. ನಾವು ತಲುಪುವಷ್ಟರಲ್ಲಿ ಧಾರೆ ಮುಗಿದು ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು.

ತಮಿಳು ಮುಸ್ಲಿಮರ ಮಾಮಕ್ ತಿಂಡಿ ಅಂಗಡಿಯಲ್ಲಂತೂ ಅನಾನಸ್ ಜ್ಯೂಸ್ ಕೇಳಿ, ಆ ಹೆಸರು ಬ್ರೆಜಿಲಿನಿಂದ ಹೊರಟ ಕಥೆ ಶುರು ಮಾಡಿದರು. ಹಿಂದೆ ಸಾಲು ಬೆಳೆಯಿತು. ಅಂಗಡಿಯವನು ಕೈಮುಗಿದು, ಮಾತಿಗೆಲ್ಲ 'ಲಾ' ಸೇರಿಸುವ ಮಲೇಷ್ಯಾದ ಧಾಟಿಯಲ್ಲಿ ಅಂದ: "ಅಂಕಲ್, ಹಡಗು ಬಂದಾಯ್ತು ಲಾ! ಜ್ಯೂಸ್ ಇಲ್ಲೇ ಕುಡೀತೀರಾ, ತಪೌ ಮಾಡಿ ಕಟ್ಟಿಕೊಡ್ಲಾ?"

ಇಂಥವರ ಮಗಳು, ನನ್ನ ತಂಗಿ, ಯಾರನ್ನು ಮೆಚ್ಚಬೇಕು ಹೇಳಿ? ಮಲಾಕಾದ ಹಳೆಯ ಪೋರ್ಚುಗೀಸ್ ವಂಶದ ಹುಡುಗನನ್ನು! ಅವನನ್ನು ಸಾಕಿದ್ದು ಅಜ್ಜಿ. ಅಜ್ಜಿ ಒಪ್ಪಿದರೆ ಮಾತ್ರ ಮದುವೆ. ಚಿಕ್ಕಮ್ಮ ಹಟ ಹಿಡಿದು ಹೆಣ್ಣು ನೋಡುವ ಶಾಸ್ತ್ರಕ್ಕೇ ಕರೆದರು. ನನ್ನ ತಂಗಿಗೆ ಮಾತ್ರ ನಿದ್ದೆಯಿಲ್ಲ. "ಅಪ್ಪಾ, ಪ್ಲೀಸ್ ಲಾ! ಅವರ ಭಾಷೆ ಬಗ್ಗೆ ಅವರಿಗೇ ಲೆಕ್ಚರ್ ಬೇಡ. ಅಜ್ಜಿ ಬೇಜಾರಾದ್ರೆ ಎಲ್ಲಾ ಫಿನಿಷ್!"

ಚಿಕ್ಕಪ್ಪ ದೇವರ ಮುಂದೆ ಆಣೆ ಮಾಡಿದರು.

ಅಜ್ಜಿ ಬಂದರು, ಉಪ್ಪಿಟ್ಟು ಕೇಸರಿಬಾತ್ ತಿಂದರು. ಅಜ್ಜಿ ಕೈ ತೊಳೆದುಕೊಂಡಾಗ ಚಿಕ್ಕಮ್ಮ ಅಭ್ಯಾಸಬಲದಿಂದ, "ತಗೊಳ್ಳಿ, ಟುವಾಲು" ಅಂದುಬಿಟ್ಟರು.

ಅಜ್ಜಿ ಬೆರಗಾಗಿ ತಮ್ಮ ಮುರುಕು ಇಂಗ್ಲಿಷಿನಲ್ಲಿ ಕೇಳಿದರು: "ಟುವಾಲ? ನಿಮ್ಮನೇಲೂ ಹಾಗೇ ಅಂತೀರಾ? ನಮ್ಮ ಭಾಷೇಲೂ ಅದೇ ಮಾತು!"

ನಾವೆಲ್ಲ ಚಿಕ್ಕಪ್ಪನತ್ತ ತಿರುಗಿದೆವು. ಪಾಪ, ಮುಖ ಕೆಂಪಗಾಗಿತ್ತು! ತುಟಿ ಕಚ್ಚಿಕೊಂಡು ಫ್ಯಾನನ್ನೇ ನೋಡುತ್ತಿದ್ದರು.

ಅಜ್ಜಿ, "ನಮ್ಮ ಯಜಮಾನರು ಹೋದಮೇಲೆ ಮನೇಲಿ ನಮ್ಮ ಹಳೇ ಭಾಷೆ ಯಾರೂ ಆಡಲ್ಲ" ಎಂದರು.

ತಂಗಿಗೆ ತಡೆಯಲಾಗಲಿಲ್ಲ. "ಅಪ್ಪಾ, ಇಟ್ಸ್ ಓಕೆ. ನೀವು ಮಾತಾಡಿ."

ಮುಗಿಯಿತು ಕಥೆ ಅಂದುಕೊಂಡೆ! ಆದರೆ ಚಿಕ್ಕಪ್ಪ ಕುರ್ಚಿಯನ್ನು ಅಜ್ಜಿಯ ಎದುರಿಗೆ ಎಳೆದುಕೊಂಡು ಕೂತರು. ಅವರ ಕಣ್ಣು ತುಂಬಿತ್ತು. "ನಾನು ಹೇಳೋದು ದಿನಾ ಇದ್ದದ್ದೇ. ನಿಮ್ಮ ಭಾಷೇಲಿ ನೀವು ಮಾತಾಡಿ ಅಮ್ಮಾ, ನಾನು ಕೇಳ್ತೀನಿ."

ಅಜ್ಜಿ ಮೆಲ್ಲಗೆ ಶುರು ಮಾಡಿದರು. ಏನು ಹೇಳುತ್ತಿದ್ದಾರೋ ನಮಗೆ ತಿಳಿಯಲಿಲ್ಲ. ಚಿಕ್ಕಪ್ಪನಿಗೂ ಅಷ್ಟೇನೂ ತಿಳಿದಂತಿರಲಿಲ್ಲ. ಕಾಫಿ ಆರಿತು. ಮಾತಿನ ನಡುವೆಯೇ ಅಜ್ಜಿ ಕೈಚಾಚಿ ನನ್ನ ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹಿಡಿದ ಕೈಯನ್ನು ಹೊರಡುವವರೆಗೂ ಬಿಡಲಿಲ್ಲ.